ಮನೆತನದ ಕಾಗದಪತ್ರಗಳೂ ವಂಶಚರಿತ್ರೆಯೂ

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಚಿತ್ತಾಪುರದ ನೆರೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಕ್ರಿ.ಶ. 1058ರ ಶಾಸನವು ತಿಳಿಸುತ್ತದೆ. ಅರಸರ ವಂಶಾವಳಿಯನ್ನು ಕಲ್ಲು, ತಾಮ್ರಗಳು ಕಾಪಾಡಿದವು. ಪಾಟೀಲ, ಕುಲಕರ್ಣಿ, ಹಿರೇಮಠ ಮುಂತಾದ ಮನೆತನಗಳ ಚರಿತ್ರೆಯಾದರೋ ಪೆಟ್ಟಿಗೆಯಲ್ಲಿಟ್ಟ ಸನದು, ಕಡತಗಳಲ್ಲಿಯೂ, ಊರೂರು ತಿರುಗಿ ವಂಶ ಹೇಳುವ ಹೆಳವರ ಹೊತ್ತಿಗೆಗಳಲ್ಲಿಯೂ ಉಳಿದಿದೆ. ಇವನ್ನು ಆಧಾರವಾಗಿ ಉಲ್ಲೇಖಿಸುವ ಬಗೆ ಹೇಗೆಂಬುದೇ ಇಲ್ಲಿಯ ವಿಚಾರ.

ಮೊದಲ ತೊಡಕು ಕಾಲಗಣನೆಯದು. ನಿಜಾಮರ ಆಡಳಿತದ ಕಾಗದಗಳು ಫಸಲಿ ವರ್ಷವನ್ನು ನಮೂದಿಸುತ್ತವೆ. ಅದಕ್ಕೆ 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಜಾಗೀರು ರದ್ದಿಯಾತಿಯ ಶಾಸನವು 1358 ಫಸಲಿಯದು, ಎಂದರೆ 1949ರದು. ಕಾಗದವೊಂದರಲ್ಲಿ ಬರಿದೆ 1258 ಎಂದಿದ್ದು, ಅದನ್ನು ಶಾಲಿವಾಹನ ಶಕವೆಂದು ಬಗೆದರೆ ಕ್ರಿ.ಶ. 1336 ಬರುತ್ತದೆ, ಫಸಲಿಯೆಂದರೆ 1848. ಐದು ಶತಮಾನಗಳ ಅಂತರದಿಂದ ಆ ಮನೆತನವು ಬಹಮನಿ ರಾಜ್ಯಕ್ಕಿಂತ ಹಳೆಯದಾಗಿಬಿಡುತ್ತದೆ! ಆದುದರಿಂದ ಮೂಲದಲ್ಲಿದ್ದ ಅಂಕಿಯನ್ನು ಇದ್ದಂತೆಯೇ ಕೊಟ್ಟು, ಪರಿವರ್ತನೆಯನ್ನು ಬೇರೆಯಾಗಿ ಬರೆಯತಕ್ಕದ್ದು.

ಎರಡನೆಯದು ಬರೆದವನ ಉದ್ದೇಶ. ವತನದ ಹಕ್ಕನ್ನು ಸ್ಥಾಪಿಸಲು ಬರೆದ ವಂಶವೃಕ್ಷದಲ್ಲಿ ಹಕ್ಕಿಲ್ಲದ ಕವಲುಗಳೂ ಹೆಣ್ಣುಮಕ್ಕಳೂ ಬಿಟ್ಟುಹೋಗಿರಬಹುದು. ಅಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಆ ವ್ಯಕ್ತಿಯೇ ಇರಲಿಲ್ಲವೆನ್ನಲಾಗದು.

ಬಾಯಿಮಾತನ್ನೂ ತಳ್ಳಿಹಾಕಬೇಕಿಲ್ಲ, ಒರೆಗೆ ಹಚ್ಚಬೇಕು. ಹೈದರಾಬಾದಿನ ಕಡೆಯಿಂದ ನಿಜಾಮರ ರೈಲುಮಾರ್ಗವು ವಾಡಿಯನ್ನು ಕೂಡಿದುದು 1874ರಲ್ಲಿ. ಆ ಹಳಿ ಹಾಕುವಾಗ ಹಿರಿಯರು ವಾಡಿಗೋ ಶಹಾಬಾದಿಗೋ ಬಂದರೆಂಬ ಹೇಳಿಕೆಗೆ ಇದರಿಂದ ಒಂದು ಕಾಲಸೂಚನೆ ಸಿಕ್ಕುತ್ತದೆ. ಆದರೂ ಅದು ಮನೆಯವರ ಹೇಳಿಕೆಯೆಂದೇ ದಾಖಲಾಗಬೇಕು. ಕಾಗದದ ಮಾತಿನೊಡನೆ ಬೆರೆಯಬಾರದು.

ಕಾಗದವು ಯಾರ ಮನೆಯದು, ಯಾವ ಊರಿನದು, ಮೂಲವೋ ನಕಲೋ, ಲಿಪಿ ಕನ್ನಡವೋ ಮೋಡಿಯೋ ಫಾರಸಿಯೋ, ತೆಲುಗು ಸೀಮೆಗೆ ಹತ್ತಿದ ಚಿಂಚೋಳಿಯ ಕಡೆ ತೆಲುಗೋ, ಎಷ್ಟು ಭಾಗ ಹರಿದಿದೆ, ಯಾವಾಗ ನೋಡಿದ್ದು ಎಂಬಿಷ್ಟನ್ನೂ ಹೇಳಬೇಕು. ‘ಮನೆಯ ದಾಖಲೆಯಂತೆ’ ಎಂಬ ಒಂದೇ ಮಾತು ಸಾಲದು. ಅದನ್ನು ಮತ್ತೊಬ್ಬನು ಪರೀಕ್ಷಿಸಲಾರ.

ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯ ತರುವಾಯ ವತನದ ಕಾಗದಗಳಿಗೆ ಹಿಂದಿನ ಬೆಲೆ ಉಳಿಯಲಿಲ್ಲ. ಬೆಲೆಯಿಲ್ಲದ ಕಾಗದಕ್ಕೆ ಗೆದ್ದಲು, ಮಳೆ, ರದ್ದಿಯಂಗಡಿಗಳೇ ಗತಿ. ಮೂಲವು ಅಳಿದ ಮೇಲೆ ಸಂಶೋಧಕನ ಉಲ್ಲೇಖವೊಂದೇ ಸಾಕ್ಷಿಯಾಗಿ ನಿಲ್ಲುತ್ತದೆ. ಆ ಸಾಕ್ಷಿಯು ಸತ್ಯವಾಗಿರಬೇಕಾದುದು ಹಿರಿಯರ ಋಣ, ಕಿರಿಯರ ಹಕ್ಕು.