ಬಸ್ತಿಯೂ ಜಠರಪ್ರಕ್ಷಾಲನವೂ

ದೇಹದ ಒಳಗನ್ನು ತೊಳೆದು ರೋಗವನ್ನು ಕಳೆಯುವ ವಿದ್ಯೆಯು ಪಶ್ಚಿಮದಿಂದಲೇ ಬಂದಿತೆಂದು ಕೆಲವರೂ, ನಮ್ಮ ಪೂರ್ವಿಕರಲ್ಲಿ ಅದು ಪೂರ್ಣವಾಗಿಯೇ ಇದ್ದಿತೆಂದು ಕೆಲವರೂ ವಾದಿಸುವುದುಂಟು. ಇತಿಹಾಸವು ಈ ಎರಡು ಮಾತುಗಳನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ.

ಚರಕಸಂಹಿತೆಯ ಸಿದ್ಧಿಸ್ಥಾನವು ಬಸ್ತಿಕರ್ಮವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಬಸ್ತಿಯೆಂದರೆ ಮೂತ್ರಕೋಶ. ಎತ್ತು, ಎಮ್ಮೆ, ಆಡು ಮೊದಲಾದ ಪ್ರಾಣಿಗಳ ಮೂತ್ರಕೋಶವನ್ನು ಹದಮಾಡಿ, ಅದಕ್ಕೆ ಲೋಹದ ಇಲ್ಲವೆ ಬಿದಿರಿನ ನಳಿಗೆಯನ್ನು ಕಟ್ಟಿ, ಕಷಾಯವನ್ನಾಗಲಿ ತೈಲವನ್ನಾಗಲಿ ಕರುಳಿಗೆ ಏರಿಸುತ್ತಿದ್ದುದರಿಂದ ಉಪಕರಣದ ಹೆಸರೇ ಚಿಕಿತ್ಸೆಗೂ ನಿಂತಿತು. ವ್ರಣವನ್ನು ತೊಳೆಯುವುದಕ್ಕೆ ಸುಶ್ರುತನು 8 ಅಂಗುಲ ಉದ್ದದ, ಹೆಸರುಕಾಳು ಸಾಗುವಷ್ಟು ರಂಧ್ರವುಳ್ಳ ಬೇರೊಂದು ನಳಿಗೆಯನ್ನು ವಿಧಿಸಿದ್ದಾನೆ.

ವೈದ್ಯಶಾಸ್ತ್ರವು ಸಂಸ್ಕೃತದಲ್ಲಿಯೇ ಉಳಿಯಲಿಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯಕ್ಕೆಂದೇ ಖಗೇಂದ್ರಮಣಿದರ್ಪಣವನ್ನು ರಚಿಸಿದನು. ನಮ್ಮ ಹುನಗುಂದ ಸೀಮೆಯ ಐಹೊಳೆಯ ಹೆಸರನ್ನು ಹೊತ್ತ ಐನೂರ್ವರ ವರ್ತಕಸಂಘವಾದರೋ, ವೈದ್ಯನಿಗೂ ಬೇಕಾಗುವ ಏಲಕ್ಕಿ, ಲವಂಗ, ಕರ್ಪೂರಗಳನ್ನು ದೇಶದೇಶಗಳಲ್ಲಿ ಮಾರುತ್ತಿದ್ದಿತು.

ಜಠರದ ದೋಷಕ್ಕೆ ನಮ್ಮ ಪ್ರಾಚೀನರು ಹೇಳಿದ ಉಪಾಯವು ವಮನ. ಗಂಟಲಿನ ಮೂಲಕ ನಳಿಗೆಯನ್ನಿಳಿಸಿ, ನೀರನ್ನು ಹೊಯ್ದು ಮರಳಿ ಸೆಳೆಯುವ ಕ್ರಮವು ಈಚಿನದು. 1812ರಲ್ಲಿ ಅಮೇರಿಕೆಯ ಫಿಲಡೆಲ್ಫಿಯ ನಗರದ ವೈದ್ಯ ಫಿಸಿಕನು, ಅಫೀಮಿನ ಔಷಧವು ಮಿತಿಮೀರಿ ಹೊಟ್ಟೆಗೆ ಸೇರಿದ ಅವಳಿ ಕೂಸುಗಳ ಜಠರವನ್ನು ಹೀಗೆ ತೊಳೆದ ವೃತ್ತಾಂತವನ್ನು ಪ್ರಕಟಿಸಿದನು. 1869ರಲ್ಲಿ ಜರ್ಮನಿಯ ಕುಸ್‌ಮೌಲನು ಹಿಗ್ಗಿದ ಜಠರದ ರೋಗಕ್ಕೂ ಇದು ಹಿತವೆಂದು ತಿಳಿಸಿದನು. ಮುಂದೆ ವಿಷ ಕುಡಿದವರ ಹೊಟ್ಟೆ ತೊಳೆಯುವುದು ಆಸ್ಪತ್ರೆಗಳಲ್ಲಿ ವಾಡಿಕೆಯಾಯಿತು. ಆದರೆ ತೊಳೆಯುವಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೊಕ್ಕು ಕೇಡಾಗುವುದುಂಟು. 1997ರಲ್ಲಿ ಅಮೇರಿಕೆಯ ಮತ್ತು ಯುರೋಪಿನ ವಿಷವೈದ್ಯಸಂಘಗಳು ವಿಚಾರಮಾಡಿ, ಇದನ್ನು ವಾಡಿಕೆಯಾಗಿ ಮಾಡಕೂಡದೆಂದೂ, ಪ್ರಾಣಾಪಾಯಕರವಾದ ವಿಷವು ಸೇರಿದ 60 ನಿಮಿಷಗಳೊಳಗಲ್ಲದೆ ಆಲೋಚಿಸಬಾರದೆಂದೂ ಸಾರಿದವು.

ಇಂಥ ನಿಷೇಧವು ನಮಗೆ ಹೊಸದಲ್ಲ. ವಮನಕ್ಕೆ ಯಾರು ಯೋಗ್ಯರಲ್ಲ, ಬಸ್ತಿಗೆ ಯಾರು ಯೋಗ್ಯರಲ್ಲವೆಂಬುದನ್ನು ಚರಕಸಂಹಿತೆಯು ಒಬ್ಬೊಬ್ಬರನ್ನಾಗಿ ಎಣಿಸಿ ಹೇಳಿದೆ. ಯಾರನ್ನು ತೊಳೆಯಬಾರದೆಂಬ ಈ ವಿವೇಕವೇ ಪೂರ್ವಿಕರಿಂದ ನಾವು ಪಡೆಯತಕ್ಕ ದೊಡ್ಡ ಆಸ್ತಿ. ನಮ್ಮ ಎರೆಹೊಲಗಳಲ್ಲಿ ಬೆಳೆಗೆ ಹೊಡೆಯುವ ‘ಎಣ್ಣೆ’ಯು ಯಾರ ಹೊಟ್ಟೆಗಾದರೂ ಸೇರಿದಾಗ, ಗಾಬರಿಯಿಂದ ಉಪ್ಪುನೀರು ಕುಡಿಸಿ ವಾಂತಿಮಾಡಿಸುವುದು ಅಪಾಯಕರ. ಆ ಎಣ್ಣೆಯ ಡಬ್ಬಿಯೊಡನೆ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ತೊಳೆಯಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಣಯಿಸಲಿ.