ಪೇಟಿಯ ಹಿಂದಿನಿಂದ ರಂಗದ ನಡುವಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಲ ಹಳ್ಳಿಗಳಲ್ಲಿ ತೊಗರಿ ರಾಶಿ ಮುಗಿದು ಜಾತ್ರೆಗಳು ಹತ್ತಿರ ಬಂದವೆಂದರೆ ನಾಟಕದ ಮಾತು ಏಳುತ್ತದೆ. ಊರವರು ಪಟ್ಟಿ ಹಾಕಿ ಹಣ ಕೂಡಿಸುತ್ತಾರೆ, ಮಾಸ್ತರರನ್ನು ಕರೆಸುತ್ತಾರೆ, ಗುಡಿ ಕಟ್ಟೆಯ ಮೇಲೆ ರಾತ್ರಿ ತಾಲೀಮು ನಡೆಯುತ್ತದೆ. ಕಣ್ಣು ಕಾಣದವರು, ಕಿವಿ ಕೇಳದವರು, ಊರುಗೋಲು ಹಿಡಿದವರು, ನಿಧಾನವಾಗಿ ಕಲಿಯುವವರು ಇದೇ ತಾಲೀಮಿನಲ್ಲಿ ಪಾತ್ರಧಾರಿಗಳಾಗಿ ಕೂಡಿಕೊಂಡರೆ ಅದು ಒಳಗೊಳ್ಳುವ ಸಮುದಾಯ ರಂಗಭೂಮಿ. ಇದು ಹೊರಗಿನಿಂದ ತರಬೇಕಾದ ಹೊಸ ಸಂಗತಿ ಎಂದು ನನಗೆ ಅನ್ನಿಸಿಲ್ಲ. ಇದರ ಅರ್ಧ ದಾರಿಯನ್ನು ಉತ್ತರ ಕರ್ನಾಟಕ ಎಂದೋ ನಡೆದಿದೆ.

ಗದುಗಿನ ದಾರಿ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಬಿದ್ದದ್ದು ಪುಟ್ಟರಾಜ ಗವಾಯಿಗಳ ಹೆಗಲಿಗೆ. ಅದೇ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರು ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದರು.

ಅಂಧ ಮಕ್ಕಳಿಗೆ ಅನ್ನ ಹಾಕಬೇಕು, ವಿದ್ಯೆ ಕೊಡಬೇಕು. ಅದಕ್ಕೆ ಹಣ ತಂದ ಹಾದಿಗಳಲ್ಲಿ ನಾಟಕ ಕಂಪನಿಯೂ ಒಂದು. ಆಶ್ರಮದ ನಾಟ್ಯ ಸಂಘ ಊರೂರಿಗೆ ಡೇರೆ ಹೊತ್ತು ಹೋಯಿತು. ಪುಟ್ಟರಾಜರು ತಾವೇ ನಾಟಕ ಬರೆದರು, ಸಂಗೀತ ಕೂಡಿಸಿದರು. ನೋಡಲು ಬಂದ ಜನ ಕೊಟ್ಟ ಟಿಕೆಟ್ ದುಡ್ಡು ಆಶ್ರಮದ ಒಲೆ ಉರಿಸಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಆ ಆಶ್ರಮದಲ್ಲಿ ಕಲಿತ ಎಷ್ಟೋ ಅಂಧರು ಪೇಟಿ (ಹಾರ್ಮೋನಿಯಂ) ಮಾಸ್ತರರಾಗಿ, ತಬಲಾ ವಾದಕರಾಗಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹರಡಿಕೊಂಡರು. ನಾಟಕ ನಡೆಯುವಾಗ ಅಂಥ ಪೇಟಿ ಮಾಸ್ತರರ ಹತ್ತಿರ ಕೂತು ನೋಡಬೇಕು. ಎಡಗೈ ಭಾತೆ ಎಳೆಯುತ್ತಿರುತ್ತದೆ, ಬಲಗೈ ಬೆರಳುಗಳು ಪೇಟಿಯ ಮನೆಗಳ ಮೇಲೆ ಸುಮ್ಮನೆ ಕೂತಿರುತ್ತವೆ. ನಾಯಕ ಉಸಿರೆಳೆದುಕೊಂಡ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ಹಾಡಿನ ಮೊದಲ ಸ್ವರ ಹೊರಡುತ್ತದೆ. ಪಾತ್ರಧಾರಿ ಶ್ರುತಿ ತಪ್ಪಿದರೆ ಅವನ ದಾರಿಗೇ ಪೇಟಿ ಹೋಗಿ ಕೈಹಿಡಿದು ಕರೆತರುತ್ತದೆ. ಇಡೀ ನಾಟಕ ನಿಂತಿರುವುದೇ ಅವರ ಕಿವಿಯ ಮೇಲೆ. ಹೀಗಿದ್ದೂ ಅವರ ಜಾಗ ರಂಗದ ಅಂಚಿನಲ್ಲೇ ಉಳಿಯಿತು. ಅಲ್ಲಿಂದ ನಡುವಿಗೆ ಬರುವ ನಾಲ್ಕು ಹೆಜ್ಜೆಯೇ ಉಳಿದರ್ಧ ದಾರಿ.

ಊರ ನಾಟಕ ಕೊಡುವ ಅನುಕೂಲ

ಹಳ್ಳಿ ನಾಟಕದಲ್ಲಿ ಓದುಬರಹ ಬಾರದವರೂ ರಾಜನ ಪಾರ್ಟು ಮಾಡುತ್ತಾರೆ. ಮಾಸ್ತರರು ಹೇಳಿಕೊಟ್ಟದ್ದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ಕಣ್ಣಿಲ್ಲದ ಪಾತ್ರಧಾರಿ ಕಲಿಯುವುದೂ ಹೀಗೆಯೇ. ಮಾತು ಮರೆತರೆ ಸೈಡ್‌ವಿಂಗಿನಲ್ಲಿ ಪ್ರಾಂಪ್ಟರ್ ಇರುತ್ತಾನೆ. ಮರೆವು ಹೆಚ್ಚಿರುವವರಿಗೆ ಇದಕ್ಕಿಂತ ದೊಡ್ಡ ನೆರವು ಬೇಕಿಲ್ಲ. ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ನಿಂತೇ ಸಂಭಾಷಣೆ ಹೇಳುವ ರೂಢಿಯಿರುವುದರಿಂದ ಓಡಾಟವೂ ಕಡಿಮೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ಮೈಕನ್ನು ಒಂದೂವರೆ ಅಡಿ ಇಳಿಸಿದರೆ ಸಾಕು.

ಫರಸಿ ಮತ್ತು ಹಲಗೆ

ಈ ಸೀಮೆಯ ಶಾಲೆ, ಗುಡಿ, ಮನೆಯಂಗಳಗಳಿಗೆಲ್ಲ ಶಹಾಬಾದ ಫರಸಿ ಹಾಸಿರುತ್ತದೆ. ನುಣುಪಾದ ಆ ಕಲ್ಲಿನ ಮೇಲೆ ಗಾಲಿ ಸಲೀಸಾಗಿ ಉರುಳುತ್ತದೆ. ಎರಡು ಕಲ್ಲು ಕೂಡುವ ಸಂದಿ ಬರಿಗಾಲಿಗೆ ಚೆನ್ನಾಗಿ ತಿಳಿಯುತ್ತದೆ; ಅಂಧ ನಟನಿಗೆ ಅದೇ ಗೆರೆ. ಮೂರನೆಯ ಸಂದಿಗೆ ಸಿಂಹಾಸನ, ಐದನೆಯದಕ್ಕೆ ರಂಗದ ಅಂಚು ಎಂದು ಎರಡು ದಿನ ನಡೆಸಿ ತೋರಿಸಿದರೆ ಕಾಲಿಗೆ ನೆನಪು ಹತ್ತುತ್ತದೆ. ಜಮಖಾನ ಹಾಸುವುದಾದರೆ ಅದರಡಿ ಅಂಚಿನುದ್ದಕ್ಕೂ ಒಂದು ಹಗ್ಗ ಎಳೆದು ಬಿಗಿಯಬೇಕು. ಹಗ್ಗ ಕಾಲಿಗೆ ತಾಗಿದಲ್ಲಿ ನಿಲ್ಲುವುದು.

ಕಿವಿ ಕೇಳದವರಿಗೆ ಫರಸಿ ಅಷ್ಟು ಒದಗುವುದಿಲ್ಲ, ಕಲ್ಲು ಹಲಗಿ ವಾದ್ಯದ ಅದುರನ್ನು ನುಂಗಿಬಿಡುತ್ತದೆ. ಅವರಿಗೆ ಮರದ ಅಟ್ಟಣೆ ಬೇಕು. ಡೊಳ್ಳಿನ ಪೆಟ್ಟು ಮರದ ಮೂಲಕ ಪಾದಕ್ಕೆ ತಲುಪುತ್ತದೆ, ಕುಣಿತದ ಲಯ ತಾನೇ ಸಿಗುತ್ತದೆ. ಪ್ರವೇಶದ ಸೂಚನೆಗೆ ದೀಪ, ಇಲ್ಲವೇ ಜೊತೆ ನಟ ಭುಜ ಮುಟ್ಟುವುದು. ಅಟ್ಟಣೆ ಎತ್ತರವಾದಷ್ಟೂ ಇಳಿಜಾರು ಉದ್ದವಾಗಬೇಕು: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಎಲ್ಲೆಡೆ ಒಪ್ಪಿತ ಲೆಕ್ಕ. ಮೂರಡಿ ಅಟ್ಟಣೆಗೆ 36 ಅಡಿ ಎಂದಾಗ ಜನ ಹೌಹಾರುತ್ತಾರೆ. ಅಟ್ಟಣೆಯನ್ನೇ ಒಂದಡಿಗೆ ಇಳಿಸಿ, ನೋಡುವವರನ್ನು ನೆಲದ ಮೇಲೆ ಕೂರಿಸುವುದು ಜಾಣತನ.

ಯಾವ ಪಾರ್ಟು?

ಇಲ್ಲಿ ನನ್ನ ಮನಸ್ಸು ಹೆಚ್ಚು ನೋಯುತ್ತದೆ. ಕಂಪನಿ ನಾಟಕಗಳಲ್ಲಿ ಕುಂಟುವುದು, ತೊದಲುವುದು, ಕಿವಿ ಕೇಳದಿರುವುದು ಬಹಳ ಕಾಲದಿಂದ ನಗೆಯ ಸರಕು. ಗಟ್ಟಿ ಕಾಲಿನ ನಟ ಕುಂಟಿ ತೋರಿಸಿದಾಗ ಸಭೆ ನಗುತ್ತದೆ, ಆ ಸಭೆಯಲ್ಲೇ ಊರುಗೋಲು ಹಿಡಿದು ಕೂತವನೂ ಇರುತ್ತಾನೆ. ಹಾಗೆಂದು ಅಂಧರಿಗೆ ಧೃತರಾಷ್ಟ್ರನ ಪಾರ್ಟನ್ನೇ ಎತ್ತಿಡುವುದೂ ಸಲ್ಲದು. ಕಣ್ಣಿಲ್ಲದವನು ದುರ್ಯೋಧನನಾಗಬಹುದು, ಗಾಲಿಕುರ್ಚಿಯಲ್ಲಿ ಕೂತವಳು ಕಿತ್ತೂರು ಚೆನ್ನಮ್ಮನಾಗಬಹುದು. ದನಿಯಲ್ಲಿ ಕಸುವಿದ್ದರೆ ಸಭೆ ಐದು ನಿಮಿಷದಲ್ಲಿ ಕುರ್ಚಿ ಮರೆಯುತ್ತದೆ.

ಹೊರಗಿನ ಎರಡು ತಂಡಗಳು

ಇಂಥ ನಟರನ್ನು ರಂಗದ ನಡುವಿಗೆ ತಂದ ತಂಡಗಳು ಬೇರೆಡೆಯೂ ಇವೆ. 1980ರಲ್ಲಿ ಹುಟ್ಟಿದ ಲಂಡನ್ನಿನ ಗ್ರೇಐ ತಂಡದ ಹೆಸರು ಗ್ರೀಕ್ ಪುರಾಣದ ಮೂವರು ಅಕ್ಕತಂಗಿಯರದು. ಮೂವರಿಗೂ ಇದ್ದದ್ದು ಒಂದೇ ಕಣ್ಣು, ಸರದಿಯಲ್ಲಿ ಹಂಚಿಕೊಳ್ಳುತ್ತಿದ್ದರು. ಸನ್ನೆ ಭಾಷೆಯನ್ನು ಈ ತಂಡ ರಂಗದ ಮೂಲೆಯಲ್ಲಿ ನಿಲ್ಲಿಸದೆ ನಾಟಕದೊಳಕ್ಕೇ ಹೆಣೆಯಿತು. ಕೋಲ್ಕತ್ತದ ಬ್ಲೈಂಡ್ ಒಪೆರಾ 1996ರಿಂದ ಅಂಧ ನಟರನ್ನೇ ಕಟ್ಟಿಕೊಂಡು ನಾಟಕ ಆಡಿತು.

ಕಾನೂನು, ಪಂಚಾಯ್ತಿ

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 29ನೇ ಕಲಂ ಸಾಂಸ್ಕೃತಿಕ ಬದುಕಿನ ಬಗೆಗಿನದು. ವಿಕಲಚೇತನ ಕಲಾವಿದರಿಗೆ ಸೌಲಭ್ಯ, ಬೆಂಬಲ, ಪ್ರಾಯೋಜನೆ ಒದಗಿಸುವುದನ್ನು ಸರ್ಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಗೊತ್ತು. ನಾಟಕದ ಪಟ್ಟಿ ಹಾಕುವವರು ಮೊದಲು ಅವರನ್ನು ಕಾಣಬೇಕು.

ತಾಲೀಮಿಗೆ ಬಂದು ಹೋಗುವುದು

ವಾಡಿ ಜಂಕ್ಷನ್ನಿನಿಂದ ಒಂದು ಹಳಿ ಶಹಾಬಾದಕ್ಕೆ, ಇನ್ನೊಂದು ಚಿತ್ತಾಪುರ, ಸೇಡಮ್ಮಿಗೆ ಹೋಗುತ್ತದೆ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಬಸ್ಸಿನ ಮೆಟ್ಟಿಲೋ ಮೊಣಕಾಲೆತ್ತರ. ರಾತ್ರಿ ಹತ್ತರ ಮೇಲೆ ತಾಲೀಮು ಶುರುವಾಗುವ ರೂಢಿ ಅಂಗವೈಕಲ್ಯವಿರುವ ಹೆಣ್ಣುಮಕ್ಕಳನ್ನಂತೂ ಬಾಗಿಲಲ್ಲೇ ತಡೆಯುತ್ತದೆ. ಭಾನುವಾರ ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ, ಶೌಚಾಲಯದ ಬೀಗದ ಕೈ ಮೊದಲೇ ಇಸಿದುಕೊಂಡು, ತಾಲೀಮು ಇಟ್ಟರೆ ತಾಯಿ ಮಗಳನ್ನು ಕರೆದುಕೊಂಡು ಬಂದು ಕತ್ತಲಾಗುವ ಮುಂಚೆ ಊರು ಸೇರಬಹುದು.