ಹುಳುಕು ಹಲ್ಲಿಗೆ ಬಾಗುವ ಸೂಜಿ

ಕೆಟ್ಟ ಹಲ್ಲನ್ನು ಕನ್ನಡದಲ್ಲಿ ಹುಳುಕು ಹಲ್ಲು ಎನ್ನುತ್ತೇವೆ. ಆ ಮಾತಿನೊಳಗೇ ಒಂದು ಹುಳು ಕೂತಿದೆ. ಹಲ್ಲನ್ನು ಹುಳ ಕೊರೆಯುತ್ತದೆಂಬ ನಂಬಿಕೆ ನಮ್ಮೊಬ್ಬರದಲ್ಲ; ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಅದು ಸಿಗುತ್ತದೆ. ಫ್ರಾನ್ಸಿನ ದಂತವೈದ್ಯ ಪಿಯೇರ್ ಫೋಶಾರ್ 1728ರಲ್ಲೇ ಅದನ್ನು ಅನುಮಾನಿಸಿದ. ಬಾಯೊಳಗಿನ ಸೂಕ್ಷ್ಮಾಣುಗಳು ಹುಟ್ಟಿಸುವ ಆಮ್ಲದಿಂದ ಹಲ್ಲು ಕರಗುತ್ತದೆಂದು ವಿಲೋಬಿ ಮಿಲ್ಲರ್ 1890ರಲ್ಲಿ ವಿವರಿಸಿದ. ಹುಳದ ಕಥೆ ಅಲ್ಲಿಗೆ ಮುಗಿಯಿತು, ಆದರೆ ಅದರ ಬೆನ್ನಿಗಿದ್ದ ಪದ್ಧತಿ ಮುಗಿಯಲಿಲ್ಲ. ಹುಳ ಹೊಕ್ಕ ಹಣ್ಣನ್ನು ಎಸೆಯುವ ಹಾಗೆ ಹುಳುಕು ಹಲ್ಲನ್ನು ಕೀಳಿಸಿಬಿಡುವುದು, ಅಲ್ಲಿಯವರೆಗೆ ಒಂದು ಲವಂಗ ಕಚ್ಚಿ ಉಪ್ಪುನೀರು ಮುಕ್ಕಳಿಸಿ ದಿನ ತಳ್ಳುವುದು, ಇದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ನಡೆದು ಬಂತು. ಆ ಪದ್ಧತಿ ಈಗ ಹಿಂದೆ ಸರಿಯುತ್ತಿದೆ. ಜನರಿಗೆ ಅರಿವು ಬಂತು, ಹಾಗಾಗಿ ಸರಿಯಿತು ಎನ್ನುವುದು ರೂಢಿಯ ಉತ್ತರ. ಅದು ಅರ್ಧ ಉತ್ತರ ಎಂಬುದು ನನ್ನ ವಾದ. ಬೇರಿನ ನಾಳದೊಳಗೆ ತಿರುಗುತ್ತಲೇ ಬಾಗಬಲ್ಲ ನಿಕ್ಕಲ್-ಟೈಟಾನಿಯಂ ಫೈಲ್ ಎಂಬ ಸಣ್ಣ ಸೂಜಿಯೊಂದು, ವೈದ್ಯರ ಬೆರಳಿನ ಪಳಗಿಕೆಯ ಒಂದು ಪಾಲನ್ನು ತಾನು ಹೊತ್ತು, ದಂತ ಕಾಲೇಜಿನ ಕೆಲಸವನ್ನು ತಾಲೂಕಿನ ಪೇಟೆಗೆ ತಂದಿತು. ಉಳಿದರ್ಧ ಅದರಲ್ಲಿದೆ.

ಈ ಮಾತಿನ ತೂಕ ತಿಳಿಯಬೇಕಾದರೆ ಹಾರವಾಡದಂಥ ಊರಿನಲ್ಲಿ ನಿಂತು ನೋಡಬೇಕು. ಅಂಕೋಲಾ ತಾಲೂಕಿನ ಈ ಕಡಲಂಚಿನ ಊರಿಗೆ ಒಂದು ಕಡೆ ಅಂಕೋಲೆ ಹತ್ತಿರ, ಇನ್ನೊಂದು ಕಡೆ ತುಸು ದೂರದಲ್ಲಿ ಕಾರವಾರ. ಆದರೆ ಹಲ್ಲನ್ನು ಕೀಳದೆ ಬೇರಿನ ನಾಳ ತೊಳೆದು ಉಳಿಸುವ ಬೇರಿನ ಚಿಕಿತ್ಸೆಯ (ರೂಟ್ ಕೆನಾಲ್) ಪರಿಣತಿ ಬಹುಕಾಲ ಇದ್ದದ್ದು ದಂತ ವೈದ್ಯಕೀಯ ಕಾಲೇಜುಗಳ ಊರುಗಳಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ, ಧಾರವಾಡದ ಎಸ್‌ಡಿಎಂ ಕಾಲೇಜು 1986ರಲ್ಲಿ. ಹಾರವಾಡದಿಂದ ಮಣಿಪಾಲಕ್ಕೆ ಹೋಗಲು ಗಂಗಾವಳಿ, ಅಘನಾಶಿನಿ, ಶರಾವತಿ ದಾಟಬೇಕು. ಧಾರವಾಡಕ್ಕೆ ಹೋಗಲು ಯಲ್ಲಾಪುರದ ಮೇಲೆ ಘಟ್ಟ ಹತ್ತಬೇಕು. ಕೊಂಕಣ ರೈಲು ಪೂರ್ತಿ ಹಳಿಯ ಮೇಲೆ ಓಡಿದ್ದು 1998ರಲ್ಲಿ. ಕೈಯಿಂದ ಮಾಡುವ ಬೇರಿನ ಚಿಕಿತ್ಸೆಗೆ, ಅದೂ ದವಡೆ ಹಲ್ಲಿಗೆ, ಮೂರು ನಾಲ್ಕು ಸಲ ಕುರ್ಚಿಯಲ್ಲಿ ಕೂರುವುದು ಮಾಮೂಲು. ಕೀಳಿಸಲು ಒಂದೇ ಸಲ ಸಾಕು. ಜೂನ್, ಜುಲೈ ತಿಂಗಳ ನಿಷೇಧ ಕಳೆದು ಬೋಟು ಕಡಲಿಗಿಳಿದ ಮೇಲೆ ಮೀನುಗಾರನಿಗೆ ನಾಲ್ಕು ದಿನ ಎಂದರೆ ನಾಲ್ಕು ದಿನದ ಗಳಿಕೆ. ಗದ್ದೆಯ ಆಳಿಗೂ ಅಷ್ಟೇ. ಒಂದು ಹಲ್ಲಿಗೆ ನಾಲ್ಕು ದಿನ ಕಳೆಯುವ ಬದಲು ಒಂದೇ ದಿನದಲ್ಲಿ ನೋವಿನಿಂದ ಬಿಡುಗಡೆ ಪಡೆದವರನ್ನು ಅಜ್ಞಾನಿಗಳೆನ್ನಲಾಗದು. ಅವರು ಲೆಕ್ಕ ಹಾಕಿದ್ದರು, ಆ ಲೆಕ್ಕ ಸರಿಯಾಗಿಯೇ ಇತ್ತು. ಬದಲಾಗಬೇಕಿದ್ದದ್ದು ಚಿಕಿತ್ಸೆ.

ಚಿಕಿತ್ಸೆ ಅಷ್ಟು ನಿಧಾನವಾಗಿದ್ದಕ್ಕೆ ಕಾರಣ ಉಕ್ಕು. ಅಮೆರಿಕದ ಎಡ್ವರ್ಡ್ ಮೇನಾರ್ಡ್ 1838ರಲ್ಲಿ ಗಡಿಯಾರದ ಸ್ಪ್ರಿಂಗ್ ಉಜ್ಜಿ ಬೇರಿನ ನಾಳಕ್ಕೆ ಇಳಿಸುವ ಉಪಕರಣ ಮಾಡಿಕೊಂಡ. ಅಲ್ಲಿಂದ ಮುಂದೆ ನೂರೈವತ್ತು ವರ್ಷ ಈ ಕೆಲಸ ಉಕ್ಕಿನ ಸೂಜಿಗಳ ಮೇಲೆಯೇ ನಡೆಯಿತು. ಮೊದಮೊದಲು ಒಂದು ಕಂಪನಿಯ 3ನೇ ನಂಬರಿಗೂ ಇನ್ನೊಂದರ 3ನೇ ನಂಬರಿಗೂ ತಾಳೆಯಾಗುತ್ತಿರಲಿಲ್ಲ. ಸೂಜಿಯ ತುದಿಯ ದಪ್ಪವೇ ಅದರ ನಂಬರು ಆಗಬೇಕೆಂದು ಇಂಗಲ್ ಮತ್ತು ಲೆವೈನ್ 1958ರಲ್ಲಿ ಪಟ್ಟು ಹಿಡಿದ ಮೇಲೆ ಇಂದಿನ ಕ್ರಮ ನೆಲೆಗೊಂಡಿತು: 25ನೇ ನಂಬರಿನ ಫೈಲ್ ಎಂದರೆ ತುದಿಯಲ್ಲಿ 0.25 ಮಿಲಿಮೀಟರ್, ಹಿಡಿಗೆ ಕೆಂಪು ಬಣ್ಣ. ಆದರೆ ಅಳತೆ ಸರಿಯಾದ ಮಾತ್ರಕ್ಕೆ ಗುಣ ಬದಲಾಗಲಿಲ್ಲ. ದವಡೆ ಹಲ್ಲಿನ ಬೇರು ನೆಟ್ಟಗಿರುವುದು ಅಪರೂಪ, ಅದರೊಳಗಿನ ನಾಳವೂ ಬೇರಿನ ಜೊತೆಗೇ ಬಾಗುತ್ತದೆ. ಉಕ್ಕು ದಪ್ಪವಾದಷ್ಟೂ ಬಿಗಿಯಾಗುತ್ತದೆ, ನೆಟ್ಟಗಾಗಲು ಹಟ ಮಾಡುತ್ತದೆ. ಬಾಗಿದ ನಾಳದಲ್ಲಿ ಅದು ತಿರುವಿನ ಹೊರಗೋಡೆಯನ್ನೇ ಕೆರೆದು ಮೆಟ್ಟಿಲು ಮಾಡುತ್ತದೆ. ಒಮ್ಮೆ ಮೆಟ್ಟಿಲು ಬಿದ್ದರೆ ಮುಂದಿನ ಫೈಲ್ ಅಲ್ಲೇ ನಿಲ್ಲುತ್ತದೆ, ಒತ್ತಿದರೆ ಬೇರಿಗೆ ತೂತು. ಇದನ್ನು ತಪ್ಪಿಸಲು ವೈದ್ಯರು ಪ್ರತಿ ಫೈಲನ್ನೂ ಮೊದಲೇ ಬಗ್ಗಿಸಿಕೊಂಡು, ಕಾಲು ಸುತ್ತು ತಿರುಗಿಸಿ, ಎಳೆದು, ತೊಳೆದು, ಮತ್ತೆ ಹಿಂದಿನ ಸಣ್ಣ ನಂಬರಿಗೆ ಹೋಗಿ ಬರಬೇಕಿತ್ತು. ಕಾಣದ ಜಾಗದಲ್ಲಿ ಬೆರಳ ತುದಿಯ ಸ್ಪರ್ಶವೇ ಕಣ್ಣಾಗಬೇಕಿತ್ತು. ಅದು ವರ್ಷಗಟ್ಟಲೆ ಪಳಗಿ ಬರುವ ವಿದ್ಯೆ.

ಮೋಟಾರು ಹಾಕಿದರೆ ಬೇಗ ಆಗುತ್ತಿರಲಿಲ್ಲವೇ? ಹಾಕಿ ನೋಡಿದ್ದರು. 1889ರಲ್ಲೇ ವಿಲಿಯಂ ರಾಲಿನ್ಸ್ ಬೇರಿನ ನಾಳಕ್ಕೆಂದು ತಿರುಗುವ ಸೂಜಿಗಳನ್ನು ಯಂತ್ರಕ್ಕೆ ಜೋಡಿಸಿದ. ಸೂಜಿ ಮುರಿಯದಿರಲೆಂದು ವೇಗವನ್ನು ನಿಮಿಷಕ್ಕೆ 100 ಸುತ್ತಿಗೆ ಇಳಿಸಬೇಕಾಯಿತು. 1964ರಲ್ಲಿ ಫ್ರಾನ್ಸಿನಿಂದ ಬಂದ ಜೈರೋಮ್ಯಾಟಿಕ್ ಎಂಬ ಯಂತ್ರ ಪೂರ್ತಿ ತಿರುಗುವ ಬದಲು ಕಾಲು ಸುತ್ತು ಹಿಂದೆ ಮುಂದೆ ಆಡುತ್ತಿತ್ತು. ಎರಡೂ ಕೈಕೆಲಸದ ಜಾಗವನ್ನು ಹಿಡಿಯಲಿಲ್ಲ. ಯಂತ್ರ ಉಕ್ಕಿನ ಹಟವನ್ನು ಬಿಡಿಸಲಾರದು, ಆ ಹಟಕ್ಕೆ ಇನ್ನಷ್ಟು ವೇಗ ಕೊಡುತ್ತದೆ ಅಷ್ಟೆ. ಇದು ನನ್ನ ವಾದಕ್ಕೆ ಮುಖ್ಯ ಸಾಕ್ಷಿ: ಮೋಟಾರು ಹತ್ತಿರ ಹತ್ತಿರ ನೂರು ವರ್ಷ ಕಾದು ಕೂತಿತ್ತು, ಅದಕ್ಕೆ ಬೇಕಾಗಿದ್ದದ್ದು ಬೇರೆ ಲೋಹ.

ಆ ಲೋಹ ಬಂದದ್ದು ಹಲ್ಲಿಗೆ ಸಂಬಂಧವೇ ಇಲ್ಲದ ಜಾಗದಿಂದ. ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಯ ಮೂತಿಗೆ ತಕ್ಕ, ತಾಪ ತಡೆಯುವ ಮಿಶ್ರಲೋಹ ಹುಡುಕುತ್ತಿದ್ದ. ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ಒಂದು ಮಿಶ್ರಲೋಹ ವಿಚಿತ್ರವಾಗಿ ವರ್ತಿಸಿತು: ಬಗ್ಗಿಸಿ ಬಿಸಿ ಮಾಡಿದರೆ ತನ್ನ ಹಳೆಯ ಆಕಾರಕ್ಕೆ ಮರಳುತ್ತಿತ್ತು. ಎರಡು ಲೋಹಗಳ ಹೆಸರಿಗೆ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ನಿಟಿನಾಲ್ ಎಂದು ಕರೆದರು. 1971ರಲ್ಲಿ ಅಯೋವಾದ ಜಾರ್ಜ್ ಆಂಡ್ರಿಯಾಸನ್ ಅದರ ತಂತಿಯನ್ನು ವಕ್ರದಂತಕ್ಕೆ ಹಾಕುವ ಕ್ಲಿಪ್ಪಿಗೆ ತಂದರು. 1988ರಲ್ಲಿ ಹರ್ಮೀತ್ ವಾಲಿಯಾ, ವಿಲಿಯಂ ಬ್ರ್ಯಾಂಟ್ಲಿ, ಹೆರಾಲ್ಡ್ ಗರ್ಸ್ಟೈನ್ ಎಂಬ ಮೂವರು ಅದೇ ಕ್ಲಿಪ್ಪಿನ ತಂತಿಯನ್ನು ಕಡೆದು 15ನೇ ನಂಬರಿನ ಫೈಲ್ ಮಾಡಿ ಅಳೆದರು. ಅದು ಉಕ್ಕಿನದಕ್ಕಿಂತ ಎರಡು ಮೂರು ಪಟ್ಟು ಬಾಗುತ್ತಿತ್ತು, ತಿರುಚಿದರೂ ಹೆಚ್ಚು ತಾಳುತ್ತಿತ್ತು. ಉಕ್ಕು ಶೇಕಡಾ 1ರಷ್ಟು ಎಳೆದರೆ ಸಾಕು, ಮತ್ತೆ ಹಿಂದಿನಂತಾಗದು. ಈ ಲೋಹ ಸುಮಾರು ಶೇಕಡಾ 8ರವರೆಗೆ ಹಿಗ್ಗಿಯೂ ಮರಳುತ್ತದೆ. ಹೊರಗಿನ ಒತ್ತಡಕ್ಕೆ ಅದರ ಹರಳುಗಳ ಜೋಡಣೆಯೇ ಬದಲಾಗಿ, ಒತ್ತಡ ಹೋದೊಡನೆ ಮೊದಲಿನ ಜೋಡಣೆಗೆ ಬರುವುದು ಇದರ ಗುಟ್ಟು. ನಾಳ ಬಾಗಿದಲ್ಲಿ ಫೈಲೂ ಬಾಗುತ್ತದೆ, ಬಾಗಿಯೇ ತಿರುಗುತ್ತದೆ.

ಆಮೇಲಿನದು ವೇಗವಾಗಿ ನಡೆಯಿತು. 1990ರ ದಶಕದ ಮೊದಲರ್ಧದಲ್ಲೇ ಜಾನ್ ಮ್ಯಾಕ್‌ಸ್ಪ್ಯಾಡನ್, ಬೆನ್ ಜಾನ್ಸನ್, ಸ್ಟೀವ್ ಸೇನಿಯಾ ಮೊದಲಾದವರ ತಿರುಗುವ ಫೈಲುಗಳು ಮಾರುಕಟ್ಟೆಗೆ ಬಂದವು, 2001ರಲ್ಲಿ ಪ್ರೊಟೇಪರ್. ಇಲ್ಲಿ ಬಾಗುವಿಕೆಯಷ್ಟೇ ಮುಖ್ಯವಾದದ್ದು ಇಳಿಜಾರು. ಹಳೆಯ ಉಕ್ಕಿನ ಫೈಲ್ ತುದಿಯಿಂದ ಮೇಲಕ್ಕೆ ಪ್ರತಿ ಮಿಲಿಮೀಟರಿಗೆ 0.02 ಮಿಲಿಮೀಟರ್ ದಪ್ಪವಾಗುತ್ತಿತ್ತು; 25ನೇ ನಂಬರಿನದು 16 ಮಿಲಿಮೀಟರ್ ಮೇಲೆ 0.57. ಹೊಸದಕ್ಕೆ 0.06ರ ಇಳಿಜಾರು ಕೊಡಬಹುದು. ಅದೇ 16 ಮಿಲಿಮೀಟರ್ ಮೇಲೆ 1.21. ಉಕ್ಕಿನಲ್ಲಿ ಅಷ್ಟು ದಪ್ಪದ್ದು ತಿರುವಿನಲ್ಲಿ ಇಳಿಯುವುದೇ ಕಷ್ಟ. ಒಂದು ಡಜನ್ ಉಕ್ಕಿನ ಫೈಲುಗಳು ಒಂದೊಂದು ಮೆಟ್ಟಿಲಿನಂತೆ ಮಾಡುತ್ತಿದ್ದ ಲಾಳಿಕೆಯ ಆಕಾರವನ್ನು ಮೂರು ನಾಲ್ಕು ಫೈಲುಗಳು ಮಾಡಿಬಿಡುತ್ತವೆ, ತೊಳೆಯುವ ದ್ರಾವಣ ಕೆಳಗಿನವರೆಗೆ ಇಳಿಯಲು ದಾರಿಯಾಗುತ್ತದೆ. ಪಳಗಿದ ಕೈಗಷ್ಟೇ ಇದು ಸಾಧ್ಯವೇ ಎಂಬುದಕ್ಕೆ 2001ರಲ್ಲಿ ಪ್ರಕಟವಾದ ಗ್ಲಸ್ಕಿನ್ ಮತ್ತು ಸಂಗಡಿಗರ ಪರೀಕ್ಷೆ ಉತ್ತರ ಕೊಟ್ಟಿತು. ಅವರು ಫೈಲ್ ಕೊಟ್ಟದ್ದು ಕಲಿಯುತ್ತಿರುವ ವಿದ್ಯಾರ್ಥಿಗಳ ಕೈಗೆ. ಉಕ್ಕಿನ ಉಪಕರಣ ಹಿಡಿದವರಿಗಿಂತ ತಿರುಗುವ ಫೈಲ್ ಹಿಡಿದವರು ಬೇಗ ಮುಗಿಸಿದರು, ನಾಳವನ್ನು ಅದರ ಹಾದಿಯಿಂದ ಕಡಿಮೆ ಸರಿಸಿದರು, ಹಲ್ಲಿನ ಗೋಡೆಯನ್ನು ಹೆಚ್ಚು ಉಳಿಸಿದರು. ಕೈಯಲ್ಲಿದ್ದ ವಿದ್ಯೆಯ ಒಂದು ಭಾಗ ಲೋಹಕ್ಕೆ ಸಂದಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಹೊಸ ಫೈಲ್ ಬರುವ ಮೊದಲು ಹಲ್ಲು ಉಳಿಯುತ್ತಲೇ ಇರಲಿಲ್ಲವೇ? ಉಳಿಯುತ್ತಿತ್ತು. 1990ರಲ್ಲಿ ಸ್ವೀಡನ್ನಿನ ಉಲ್ಫ್ ಷೋಗ್ರೆನ್ ಮತ್ತು ಸಂಗಡಿಗರು 356 ಜನರ ಹಲ್ಲುಗಳನ್ನು ಚಿಕಿತ್ಸೆಯಾದ 8–10 ವರ್ಷದ ಮೇಲೆ ನೋಡಿದರು. ಬೇರಿನ ತುದಿಗೆ ಸೋಂಕು ಹರಡುವ ಮೊದಲೇ ಚಿಕಿತ್ಸೆ ಆಗಿದ್ದಲ್ಲಿ ಶೇಕಡಾ 96ಕ್ಕೂ ಹೆಚ್ಚು, ಹರಡಿದ ಮೇಲೆ ಆಗಿದ್ದಲ್ಲಿ ಶೇಕಡಾ 86 ಗುಣವಾಗಿದ್ದವು. ಎಲ್ಲವೂ ಹಳೆಯ ಕಾಲದ ಚಿಕಿತ್ಸೆ. ಅದಲ್ಲದೆ, 2001ರಲ್ಲಿ ಓವೆ ಪೀಟರ್ಸ್ ತಂಡ ಸೂಕ್ಷ್ಮ ಸಿ.ಟಿ. ಚಿತ್ರಗಳಲ್ಲಿ ಅಳೆದಾಗ, ಹೊಸ ಫೈಲುಗಳೂ ನಾಳದ ಗೋಡೆಯ ಶೇಕಡಾ 35ಕ್ಕಿಂತ ಹೆಚ್ಚು ಭಾಗವನ್ನು ಮುಟ್ಟದೇ ಬಿಡುತ್ತಿದ್ದವು. ಸೂಕ್ಷ್ಮಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರಾವಣ, ಬಟ್ಟೆ ಬಿಳುಪಿಸುವ ಬ್ಲೀಚಿನ ಜಾತಿಯದು. ಮಣಿಪಾಲದ ಕಾಲೇಜು ಶುರುವಾದ 1965ರಲ್ಲೇ ಕಾಕೆಹಾಶಿ ಮತ್ತು ಸಂಗಡಿಗರು, ಸೂಕ್ಷ್ಮಾಣುಗಳೇ ಇಲ್ಲದ ಇಲಿಗಳಲ್ಲಿ ಹಲ್ಲಿನ ನರ ತೆರೆದುಬಿಟ್ಟರೂ ಅದು ಮಾಯುತ್ತದೆಂದು ತೋರಿಸಿದ್ದರು. ಶತ್ರು ಸೂಕ್ಷ್ಮಾಣು, ಅದನ್ನು ತೊಳೆಯುವುದೇ ಚಿಕಿತ್ಸೆ. ಇದನ್ನೆಲ್ಲ ಒಪ್ಪುತ್ತೇನೆ. ಫೈಲ್ ಹೆಚ್ಚು ಗುಣಪಡಿಸುತ್ತದೆ ಎಂಬುದು ನನ್ನ ವಾದವೇ ಅಲ್ಲ. ಸ್ವೀಡನ್ನಿನ ಆ ಶೇಕಡಾ 96 ಬಂದದ್ದು ದಂತ ವಿದ್ಯಾಲಯದ ಕುರ್ಚಿಯಲ್ಲಿ, ಅಲ್ಲಿನ ಶಿಸ್ತಿನಲ್ಲಿ. ಉತ್ತಮ ಕೈ ಉಕ್ಕಿನಿಂದಲೂ ಹಲ್ಲು ಉಳಿಸೀತು. ಆದರೆ ಅಂಥ ಕೈ ಮತ್ತು ಅಂಥ ಪುರುಸೊತ್ತು ಎಷ್ಟು ಊರುಗಳಲ್ಲಿತ್ತು ಎಂಬುದು ಹಾರವಾಡದ ಪ್ರಶ್ನೆ. ಫೈಲ್ ಬದಲಿಸಿದ್ದು ಗುಣವಾಗುವ ಮಿತಿಯನ್ನಲ್ಲ, ಆ ಗುಣ ಸಿಗುವ ಜಾಗವನ್ನು.

ಜಾಗ ಬದಲಿಸಿದ್ದು ಫೈಲಲ್ಲ, ದಂತವೈದ್ಯರ ಸಂಖ್ಯೆ ಎಂದೂ ಹೇಳಬಹುದು. 1980ರ ದಶಕದಿಂದ ರಾಜ್ಯದಲ್ಲಿ ಖಾಸಗಿ ದಂತ ಕಾಲೇಜುಗಳು ಸಾಲುಸಾಲಾಗಿ ತೆರೆದವು, ಪದವಿ ಪಡೆದವರು ಸಣ್ಣ ಪೇಟೆಗಳಲ್ಲೂ ಬೋರ್ಡು ಹಾಕಿದರು. ವೈದ್ಯರಿಲ್ಲದೆ ಫೈಲ್ ತಾನಾಗಿ ತಿರುಗದು, ನಿಜ. ಆದರೆ ವೈದ್ಯರು ಬಂದ ಮಾತ್ರಕ್ಕೆ ದವಡೆ ಹಲ್ಲು ಉಳಿಯುವುದಿಲ್ಲ. ಕೀಳುವ ಇಕ್ಕಳವೂ ಅವರ ಕೈಯಲ್ಲೇ ಇದೆ. ಒಬ್ಬರೇ ನಡೆಸುವ ದವಾಖಾನೆಯಲ್ಲಿ ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿರುವಾಗ, ಬಾಗಿದ ಬೇರೊಂದಕ್ಕೆ ಗಂಟೆಗಟ್ಟಲೆ ಕೂರುವುದೋ ಐದು ನಿಮಿಷದಲ್ಲಿ ಕಿತ್ತು ಕಳಿಸುವುದೋ ಎಂಬ ತೀರ್ಮಾನ ಸಮಯದ ಮೇಲೆ ನಿಂತಿದೆ. ಆ ಸಮಯ ಕಡಿಮೆಯಾದಾಗಲೇ ತಕ್ಕಡಿ ಉಳಿಸುವ ಕಡೆಗೆ ವಾಲುತ್ತದೆ.

ಇನ್ನೊಂದು ಆಕ್ಷೇಪ ಮುರಿಯುವುದರದು. ಉಕ್ಕಿನ ಫೈಲ್ ಮುರಿಯುವ ಮೊದಲು ಸುರುಳಿ ಬಿಚ್ಚಿಕೊಂಡು ಸುಳಿವು ಕೊಡುತ್ತದೆ. ನಿಕ್ಕಲ್-ಟೈಟಾನಿಯಂ ಎಷ್ಟೋ ಸಲ ಸುಳಿವೇ ಕೊಡದೆ ನಾಳದೊಳಗೆ ತುಂಡಾಗುತ್ತದೆ. ನಿಮಿಷಕ್ಕೆ 300 ಸುತ್ತು ಎಂದರೆ ತಿರುವಿನಲ್ಲಿರುವ ಲೋಹ ಸೆಕೆಂಡಿಗೆ ಐದು ಸಲ ಹಿಗ್ಗಿ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಹಾಗೆಯೇ ಇದು. 2000ದಲ್ಲಿ ಸತ್ತಪಾನ್ ಮತ್ತು ಸಂಗಡಿಗರು ಮುರಿದ ಫೈಲುಗಳನ್ನು ನೋಡಿದಾಗ ಶೇಕಡಾ 55.7 ತುದಿ ಸಿಕ್ಕಿಬಿದ್ದು ತಿರುಚಿ, ಶೇಕಡಾ 44.3 ಬಾಗಿ ದಣಿದು ಮುರಿದಿದ್ದವು. ಮುಂದಿನ ಇತಿಹಾಸ ಈ ಎರಡು ಕಾರಣಗಳಿಗೆ ಹುಡುಕಿದ ಉತ್ತರ. ಬಿಗಿ ಮೀರಿದರೆ ತಾನೇ ನಿಲ್ಲುವ ಮೋಟಾರು ಬಂತು. 2007ರಲ್ಲಿ ಅದೇ ಲೋಹವನ್ನು ತಾಪದಿಂದ ಹದಗೊಳಿಸಿದ ಎಂ-ವೈರ್ ಬಂತು. ಒಂದೇ ದಿಕ್ಕಿಗೆ ತಿರುಗಿಸದೆ ಹಿಂದೆ ಮುಂದೆ ಆಡಿಸಿ ಒಂದೇ ಫೈಲಿನಲ್ಲಿ ಮುಗಿಸಬಹುದೆಂದು ಘಸ್ಸಾನ್ ಯಾರೆದ್ 2008ರಲ್ಲಿ ತೋರಿಸಿದರು. 2011ರಲ್ಲಿ ಹಾಗೆ ಆಡುವ ಫೈಲುಗಳಾದ ರೆಸಿಪ್ರಾಕ್, ವೇವ್‌ಒನ್ ಬಂದವು. ಜೈರೋಮ್ಯಾಟಿಕ್ ಉಕ್ಕಿನಲ್ಲಿ ಗೆಲ್ಲಲಾಗದ ಚಲನೆ ಹೊಸ ಲೋಹದಲ್ಲಿ ಗೆದ್ದಿತು. ಹಾಗೆಂದು ಅಪಾಯ ಅಳಿದಿಲ್ಲ. ದುಬಾರಿಯೆಂದು ಒಂದೇ ಫೈಲನ್ನು ಮತ್ತೆ ಮತ್ತೆ ಬಳಸಿದರೆ ದಣಿವು ಒಳಗೊಳಗೇ ಕೂಡುತ್ತದೆ. ಎಷ್ಟು ನಾಳಕ್ಕೆ ಬಳಸಿದೆ ಎಂದು ಲೆಕ್ಕವಿಡುವುದು, ತುಂಡಾದರೆ ಮುಚ್ಚಿಡದೆ ರೋಗಿಗೆ ಹೇಳುವುದು, ಇವು ಲೋಹಕ್ಕೆ ವರ್ಗವಾಗದೆ ಮನುಷ್ಯನಲ್ಲೇ ಉಳಿದ ಜವಾಬ್ದಾರಿಗಳು.

ಉಳಿಯುವುದು ದುಡ್ಡಿನ ಮಾತು, ಇದಕ್ಕೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಬೇರಿನ ಚಿಕಿತ್ಸೆಯಾದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕು, ಹಾಕಿಸದಿದ್ದರೆ ಹಲ್ಲು ಸೀಳುವ ಸಂಭವ ಹೆಚ್ಚು. ಎರಡೂ ಸೇರಿದರೆ ಕೀಳಿಸುವ ಖರ್ಚಿನ ಹಲವು ಪಟ್ಟು. ಫೈಲ್ ದಿನಗಳನ್ನು ಉಳಿಸಿತು, ರೂಪಾಯಿಯನ್ನಲ್ಲ. ನಮ್ಮ ಸಾರ್ವಜನಿಕ ವ್ಯವಸ್ಥೆಯೂ ಹಲ್ಲು ಹೋದ ಮೇಲೆ ಹೆಚ್ಚು ಉದಾರಿ: ದಂತ ಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಟ್ಟರು. ಅದು ಬೇಕಾದದ್ದೇ, ಹಲ್ಲಿಲ್ಲದ ಬಾಯಿಗೆ ಊಟದ ಮರ್ಯಾದೆ ಮರಳಿಸಿದ ಕೆಲಸ. ಆದರೆ ಆ ಹಿರಿಯರಲ್ಲಿ ಎಷ್ಟೋ ಜನ, ಒಂದು ಸಲ ಹೋಗಿ ಬಂದರೆ ಸಾಕಿದ್ದ ಇಕ್ಕಳವನ್ನೇ ಆರಿಸಿಕೊಳ್ಳಬೇಕಾದ ತಲೆಮಾರಿನವರು. ಅವರ ಮೊಮ್ಮಕ್ಕಳಿಗೆ ದಾರಿ ಚಿಕ್ಕದಾಗಿದೆ, ಅಂಕೋಲೆಗೆ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದು. ದೂರದ ಲೆಕ್ಕವನ್ನು ಲೋಹ ಬದಲಿಸಿತು. ದುಡ್ಡಿನ ಲೆಕ್ಕವನ್ನು ಬದಲಿಸಲು ತಾಲೂಕು ಆಸ್ಪತ್ರೆಯ ಕುರ್ಚಿಯ ಪಕ್ಕದಲ್ಲೂ ಆ ಮೋಟಾರು, ಆ ಕೆಂಪು ಹಿಡಿಯ ಫೈಲ್, ಜೊತೆಗೆ ಒಂದು ಕ್ಯಾಪಿನ ಖರ್ಚು ಇರಬೇಕು. ಅದು ಸರ್ಕಾರ ಮಾಡಬೇಕಾದ, ಮಾಡಬಹುದಾದ ಕೆಲಸ.